ಬೋಳಿಸದೆ ಡ್ರೆಡ್ಸ್ ಬಿಚ್ಚಿದ್ದು: ಬಾಚಣಿಗೆ ಹಿಡಿಯುವ ಮೊದಲು ನೋಡಿಕೊಂಡದ್ದು

ಆರು ವರ್ಷದ ಡ್ರೆಡ್ಸ್, ಅಂದರೆ ಹಗ್ಗದಂತೆ ಗಂಟುಗಟ್ಟಿಸಿದ ಜಟೆ, ಬಿಚ್ಚುತ್ತೇನೆ ಅಂದಾಗ ಜಟೆ ಬಿಟ್ಟ ಗೆಳೆಯರೇ ಮೊದಲು ನಕ್ಕರು. "ಸುಮ್ಮನೆ ಬೋಳಿಸು ಮಾರಾಯ, ಆರು ತಿಂಗಳಲ್ಲಿ ಮತ್ತೆ ಬರುತ್ತೆ" ಅಂದರು. ಬರುವುದೇನೋ ನಿಜ, ತಿಂಗಳಿಗೆ ಒಂದೂಕಾಲು ಸೆಂಟಿಮೀಟರಿನಂತೆ! ಈಗ ನನ್ನ ಕೂದಲು ಹೆಗಲು ದಾಟಿದೆ. ನಕ್ಕವರಲ್ಲಿ ಇಬ್ಬರು ಬಾಚಣಿಗೆ ಹಿಡಿದು ಸಲಹೆ ಕೇಳುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಎಷ್ಟು ವರ್ಷದ್ದು ಅಂತ ಎಲ್ಲರೂ ಕೇಳುತ್ತಾರೆ, ಹೇಗೆ ಕಟ್ಟಿದ್ದು ಅಂತ ಯಾರೂ ಕೇಳುವುದಿಲ್ಲ. ಬ್ಯಾಕ್‌ಕೋಂಬ್ ಮಾಡಿ (ತುದಿಯಿಂದ ಬುಡದ ಕಡೆಗೆ ಉಲ್ಟಾ ಬಾಚಿ) ಕಟ್ಟಿದ್ದು ತಾಳ್ಮೆಯಿದ್ದರೆ ಬಿಚ್ಚುತ್ತದೆ. ಕ್ರೋಶಾ ಕಡ್ಡಿ (ತುದಿಯಲ್ಲಿ ಕೊಕ್ಕೆಯಿರುವ ಹೆಣಿಗೆ ಕಡ್ಡಿ) ಹಾಕಿ ಬಿಗಿ ಮಾಡಿಸಿದ್ದೀರೋ, ಎಳೆಗಳು ಅಡ್ಡಾದಿಡ್ಡಿ ಚುಚ್ಚಿಕೊಂಡಿರುತ್ತವೆ. ನನ್ನ ಹಿಂದಲೆಯವು ಅರ್ಧ ಗಂಟೆಗೊಂದರಂತೆ ಬಂದವು. ವರ್ಷವರ್ಷವೂ ಕಡ್ಡಿ ತಿಂದ ನೆತ್ತಿಯವು ಒಂದೊಂದೂ ಒಂದೂವರೆ ಗಂಟೆ ನುಂಗಿದವು. ಐವತ್ತು ಚಿಲ್ಲರೆ ಡ್ರೆಡ್ಸ್; ಲೆಕ್ಕ ನೀವೇ ಹಾಕಿಕೊಳ್ಳಿ. ಅದಕ್ಕೇ ಹಿಂದಲೆಯಲ್ಲಿ ಕಾಣದ ಜಾಗದ ಒಂದನ್ನು ಮೊದಲು ಬಿಚ್ಚಿ, ಹಿಡಿದ ಹೊತ್ತನ್ನು ಒಟ್ಟು ಸಂಖ್ಯೆಯಿಂದ ಗುಣಿಸಿ; ಕಡ್ಡಿ ತಿಂದವಕ್ಕೆ ಇನ್ನೂ ಹೆಚ್ಚು ಹೊತ್ತು ಸೇರಿಸಿಕೊಳ್ಳಿ. ಅಷ್ಟು ಬಿಡುವಿಲ್ಲ ಅನ್ನಿಸಿದರೆ ಕತ್ತರಿಯೇ ಸರಿ.

ಡ್ರೆಡ್ಸ್ ಬಿಗಿಯಾಗಿ ನಿಲ್ಲಲೆಂದು ಮೇಣ ಹಚ್ಚಿದವರ ಕಷ್ಟ ಬೇರೆ. ಜೇನುಮೇಣ ಕರಗಲು ಅರವತ್ತು ಡಿಗ್ರಿ ದಾಟಬೇಕು, ಅಷ್ಟು ಬಿಸಿನೀರು ನೆತ್ತಿಗೆ ಹಾಕಲಾದೀತೇ? ಶಾಂಪೂಗೂ ಅದು ಜಗ್ಗುವುದಿಲ್ಲ. ಉಗುರುಬೆಚ್ಚಗಿನ ಎಣ್ಣೆ ನೆನೆಯಲು ಬಿಟ್ಟು, ಒರೆಸಿ, ಆಮೇಲೆ ಶಾಂಪೂ, ಮತ್ತೆ ಅದೇ. ನನ್ನ ತುದಿಗಳಲ್ಲಿ ಹಳೇ ಮೇಣವಿತ್ತು. ಎಣ್ಣೆ ಬಾಟಲಿ ಖಾಲಿಯಾದವೇ ಹೊರತು ಅದು ಪೂರ್ತಿ ಹೋಗಲಿಲ್ಲ. ಕೊನೆಗೆ ನಾಲ್ಕು ಬೆರಳಗಲ ತುದಿ ಕತ್ತರಿಸಿದೆ. ಹೇಗೂ ಅತಿ ಹಳೆಯ, ಬಣ್ಣ ಹಾಕಿ ಸೊರಗಿದ ಭಾಗ ಅದು. ಅದು ಹೋದಮೇಲೆ ಕೆಲಸ ಮುಕ್ಕಾಲಿಗೆ ಇಳಿಯಿತು.

ಬುಡವನ್ನೂ ಹಿಡಿದು ನೋಡಿ. ಭಾರಕ್ಕೆ ಜಗ್ಗಿ ದಾರದಂತಾದ ಬುಡವಿದ್ದರೆ ಬಿಚ್ಚಿದರೂ ಅಲ್ಲಿ ಕೂದಲು ವಿರಳವೇ. ನೆತ್ತಿಯಲ್ಲಿ ಹುಣ್ಣು, ತುರಿಕೆ ಇದ್ದರೆ ಅದು ವಾಸಿಯಾಗುವವರೆಗೆ ಕೈ ಹಾಕಬೇಡಿ.

ಇನ್ನು ದುಡ್ಡು. ಬಿಚ್ಚಿಕೊಡುವವರೊಬ್ಬರು ಗಂಟೆ ಲೆಕ್ಕದಲ್ಲಿ ಹಣ ತೆಗೆದುಕೊಂಡು, ಒಂದು ಮಧ್ಯಾಹ್ನದಲ್ಲಿ ಮೂರು ಬಿಚ್ಚಿ ಕೈ ಎತ್ತಿದರು. ಸುಮಾರು ಹತ್ತು ದೊಡ್ಡ ಬಾಟಲಿ ಕಂಡೀಷನರಿಗೆ ಆಗುವಷ್ಟು ಹಣ ಅದು. "ಡ್ರೆಡ್ ರಿಮೂವರ್" ಅಂತ ಬರೆದ ಪುಟ್ಟ ಬಾಟಲಿಯನ್ನೂ ಕೊಂಡೆ. ಹಿಂದಿನ ಚೀಟಿ ಓದಿದರೆ ಅಗ್ಗದ ಕಂಡೀಷನರಿನಲ್ಲಿರುವುದೇ, ಬೆಲೆ ಮಾತ್ರ ಐದಾರು ಪಟ್ಟು.

ಕತ್ತರಿಸಿದ ತುದಿಗಳನ್ನು ಎಸೆಯದೆ ಬಟ್ಟಲುಗಳಲ್ಲಿ ನೆನೆಹಾಕಿದ್ದೆ: ಬರಿನೀರು, ಎಣ್ಣೆ, ಅಡುಗೆ ಸೋಡಾ, ಕಂಡೀಷನರ್ ಬೆರೆಸಿದ ನೀರು. ಸೋಡಾದ್ದು ಕಡ್ಡಿಯಂತೆ ಒರಟಾಯಿತು. ಎಣ್ಣೆಯದು ಜಾರಿತು, ಆದರೆ ಒಳಗಿನ ಬಟ್ಟೆನಾರು ಅಂಟಿಕೊಂಡೇ ಉಳಿಯಿತು. ಕಂಡೀಷನರಿನದ್ದು ಬೆರಳಲ್ಲೇ ಸಡಿಲವಾಯಿತು. ಅಲ್ಲಿಗೆ ನನ್ನ ಪ್ರಯೋಗಶಾಲೆ ಮುಚ್ಚಿದೆ.

ಮಾಡಿದ್ದು ಹೀಗೆ: ತುದಿಯಿಂದ ಬುಡದ ಕಡೆಗೆ, ಬೆರಳಗಲ ಬೆರಳಗಲ, ಬಾಲವಿರುವ ಲೋಹದ ಬಾಚಣಿಗೆಯ ಚೂಪು ಕೊನೆಯಿಂದ ಎಳೆ ಬಿಡಿಸಿ, ಆಮೇಲೆ ಹಲ್ಲು. ಕೂದಲು ತೇವವಿರಬೇಕು, ತೊಯ್ದಿರಬಾರದು. ತೊಯ್ದದ್ದು ರಬ್ಬರಿನಂತೆ ಎಳೆದುಕೊಂಡು ಪಟ್ಟನೆ ತುಂಡಾಗುತ್ತದೆ. ಬಿಚ್ಚಿದ್ದನ್ನು ಆಗಲೇ ಹೆಣೆದುಬಿಡಿ. ಕಂಡೀಷನರಿಗೆ ನಾನು ಇನ್ನೊಂದು ಪದಾರ್ಥ ಸೇರಿಸುತ್ತಿದ್ದೆ, ಅದನ್ನು ಹೇಳುವುದಿಲ್ಲ. ಅದಿಲ್ಲದೆಯೂ ಆಗುತ್ತದೆ, ಕೈ ಸ್ವಲ್ಪ ಹೆಚ್ಚು ನೋಯುತ್ತದೆ ಅಷ್ಟೆ.

ಉದುರಿದ ರಾಶಿ ಕಂಡು ಗಾಬರಿಯಾಗಬೇಡಿ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ನಮ್ಮದು ಡ್ರೆಡ್ಸ್ ಒಳಗೇ ಸಿಕ್ಕಿಕೊಂಡಿರುತ್ತದೆ. ಆರು ವರ್ಷಕ್ಕೆ ಕೂಡಿಸಿದರೆ ಲಕ್ಷ ದಾಟುತ್ತದೆ. ತಲೆಯ ಮೇಲಿರುವುದೇ ಹೆಚ್ಚುಕಡಿಮೆ ಅಷ್ಟು. ರಾಶಿಯಲ್ಲಿ ಉದ್ದ ಎಳೆ, ಬುಡದಲ್ಲಿ ಬಿಳಿ ಚುಕ್ಕೆ ಕಂಡರೆ ಹಾಗೆ ಉದುರಿದ್ದೇ ಎಂದು ತಿಳಿಯಿರಿ. ಗಿಡ್ಡ ತುಂಡುಗಳೇ ಹೆಚ್ಚಾಗಿದ್ದರೆ ನೀವು ಕೂದಲನ್ನು ಹರಿದು ತುಂಡರಿಸುತ್ತಿದ್ದೀರಿ, ಅಂದಿನ ಮಟ್ಟಿಗೆ ನಿಲ್ಲಿಸಿ ಮಾರನೆಯ ದಿನ ಇನ್ನಷ್ಟು ಕಂಡೀಷನರ್ ಹಚ್ಚಿ ಕೂರಿ.