ಗೋವೆಯ ಅಳಿವೆಯಲ್ಲಿ ಮಕ್ಕಳೊಂದಿಗೆ ಗಾಳ

ವಾಸ್ಕೋ, ಮಡಗಾಂವ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಭಾನುವಾರ ಮಕ್ಕಳನ್ನು ಕರೆದೊಯ್ದು ಗಾಳ ಹಾಕಬೇಕೆಂದರೆ ದೋಣಿಯೂ ಬೇಡ, ದೊಡ್ಡ ಮೀನಿನ ಆಸೆಯೂ ಬೇಡ; ಸಾಳ್ ನದಿ ಸಮುದ್ರ ಸೇರುವ ಬೇತುಲ್ ಅಳಿವೆಯಂಥ ಕಡೆ ದಂಡೆಯ ಮೇಲೆ ನಿಂತು ಕಾಣೆ ಹಿಡಿದರೆ ಸಾಕು. ಗೋವೆಯ ಕೊಂಕಣಿಯಲ್ಲಿ ಮುಡ್ದೋಶಿ ಎನಿಸಿಕೊಳ್ಳುವ ಈ ಮೀನು ಮರಳು ತಳದ ತೆಳುನೀರಿನಲ್ಲಿಯೇ ಮೇಯುವುದರಿಂದ ದೂರ ಎಸೆಯುವ ತೋಳ್ಬಲ ಬೇಕಾಗುವುದಿಲ್ಲ.

ಏಳು ಅಡಿಯ ಹಗುರವಾದ ರಾಡು, 2000 ಅಥವಾ 2500 ಅಳತೆಯ ಸ್ಪಿನ್ನಿಂಗ್ ರೀಲು, ಮೂರು ಕಿಲೋ ತಾಳುವ ತಂಗೂಸಿ (ಗಾಳದ ನೈಲಾನ್ ದಾರ) ಇಷ್ಟಿರಲಿ. ಕಾಣೆಯ ಬಾಯಿ ಬಹಳ ಚಿಕ್ಕದು; 8 ಅಥವಾ 10ನೆಯ ನಂಬರಿನ ಗಾಳವನ್ನೇ ಕೊಳ್ಳಬೇಕು. (ನಂಬರು ಏರಿದಂತೆ ಗಾಳ ಸಣ್ಣದಾಗುತ್ತದೆ, ಮೊದಲ ಸಲ ನಾನು ಇದನ್ನು ತಲೆಕೆಳಗಾಗಿ ತಿಳಿದು 2ನೆಯ ನಂಬರಿನದನ್ನು ತಂದಿದ್ದೆ.) ತಂಗೂಸಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ತಂಗೂಸಿಯ ಮೇಲೆಯೇ ಐದು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಬಳಿಯ ಕುಣಿಕೆಯೊಳಗೆ ಹಾಯಿಸಿ, ಎಂಜಲಿನಿಂದ ಒದ್ದೆ ಮಾಡಿ ಬಿಗಿಯಬೇಕು, ಒಣಗಂಟು ಬಿಸಿಯೇರಿ ದುರ್ಬಲವಾಗುತ್ತದೆ. ಗಾಳದಿಂದ ಒಂದೂವರೆ ಅಡಿ ಮೇಲೆ ಸಣ್ಣ ಸೀಸದ ಗುಂಡು ಕಟ್ಟಿ. ಸಿಪ್ಪೆ ಸುಲಿದ ಸೀಗಡಿಯನ್ನು ಕಿರುಬೆರಳ ಉಗುರಿನಷ್ಟೇ ಕತ್ತರಿಸಿ ಸಿಕ್ಕಿಸಿ, ಏಕೆಂದರೆ ತುಂಡು ಜೋತಾಡಿದರೆ ಮೀನು ಜೋತದ್ದನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ.

ಗಡಿಯಾರಕ್ಕಿಂತ ಉಬ್ಬರವಿಳಿತವನ್ನು ನೋಡಿ ಹೊರಡುವುದು ಮುಖ್ಯ. ನೀರು ಏರತೊಡಗಿದ ಮೊದಲ ಎರಡು ಗಂಟೆಗಳಲ್ಲಿ ಕಾಣೆ ಹೊಸದಾಗಿ ಮುಳುಗಿದ ಮರಳಿನ ಮೇಲಿನ ಹುಳುಗಳನ್ನು ಹುಡುಕುತ್ತ ದಂಡೆಗೆ ಬರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಮುರಗಾಂವ್ ಬಂದರಿನ ವೇಳಾಪಟ್ಟಿಯನ್ನು ನೋಡಿ, ಬಿಸಿಲೇರುವ ಮೊದಲೇ ನೀರು ಏರತೊಡಗುವ ಭಾನುವಾರವನ್ನು ಆರಿಸಿಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಗಳಂದು ಅಳಿವೆಯ ಸೆಳೆತ ಜೋರು. ಅಂದು ಮಕ್ಕಳನ್ನು ನೀರಿಗಿಳಿಸಬೇಡಿ. ಉಳಿದ ದಿನಗಳಲ್ಲಿಯೂ ಮೊಣಕಾಲು ಮೀರಿ ಹೋಗಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೇ ಮೀನುಗಾರಿಕೆ ನಿಷಿದ್ಧವಾಗಿರುವಾಗ, ಆ ಮಳೆಗಾಲದಲ್ಲಿ ಕುಟುಂಬ ಸಮೇತ ಅಲ್ಲಿ ನಿಲ್ಲುವ ಮಾತೇ ಬೇಡ.

ಗುಂಡು ತಳ ಮುಟ್ಟಿದ ಮೇಲೆ ತಂಗೂಸಿಯನ್ನು ಸಡಿಲ ಬಿಡದೆ ಮಗುವಿನ ತೋರುಬೆರಳ ಮೇಲೆ ಹಾಯಿಸಿ ಹಿಡಿಸಿ. ಆಮೇಲೆ ಒಂದು ಗೇಣು ಎಳೆಯುವುದು, ನಿಲ್ಲಿಸುವುದು, ಮತ್ತೆ ಎಳೆಯುವುದು. ಕಾಣೆ ಕಚ್ಚಿದರೆ ಬೆರಳಿಗೆ ಟಕ್‌ಟಕ್ ಎಂದು ಎರಡು ಸಣ್ಣ ಏಟು ಬೀಳುತ್ತದೆ; ಆಗ ರಾಡನ್ನು ಜಗ್ಗದೆ ಮೆಲ್ಲಗೆ ಮೇಲೆತ್ತಬೇಕು. ನನ್ನ ಮಗಳು ಮೊದಲ ಏಟಿಗೆ "ಅಪ್ಪಾ, ಯಾರೋ ಕರೀತಿದಾರೆ" ಎಂದು ರಾಡನ್ನೇ ಕೈಬಿಟ್ಟಿದ್ದಳು.

ಮೀಸೆಯ ಸಾಂಗಟೆ (ಕ್ಯಾಟ್‌ಫಿಶ್) ಸಿಕ್ಕಿದರೆ ಮಾತ್ರ ಮಕ್ಕಳನ್ನು ದೂರ ನಿಲ್ಲಿಸಿ. ಅದರ ಬೆನ್ನಿನ ಮತ್ತು ಪಕ್ಕದ ಮುಳ್ಳುಗಳಲ್ಲಿ ವಿಷವಿರುತ್ತದೆ. ಚುಚ್ಚಿದರೆ ಗಾಯವನ್ನು ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಹೊಟ್ಟೆಯುಬ್ಬಿಸಿಕೊಳ್ಳುವ ಮೀನನ್ನಂತೂ ಎಷ್ಟು ಬೇಯಿಸಿದರೂ ತಿನ್ನಬಾರದು, ಅದರ ವಿಷ ಬೆಂಕಿಗೆ ಹೋಗುವುದಿಲ್ಲ. ಗೇಣುದ್ದವೂ ಇಲ್ಲದ ಕಾಣೆಗಳನ್ನು ಒದ್ದೆ ಕೈಯಲ್ಲಿ ಬಿಡಿಸಿ ನೀರಿಗೆ ಬಿಡಿ.

ಮನೆಗೆ ಬಂದೊಡನೆ, ಮೀನು ತೊಳೆಯುವ ಮುನ್ನವೇ, ರೀಲು ಮತ್ತು ರಾಡಿನ ಬಳೆಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.