ಸ್ಟಾಫ್ ರೂಮಿನ ಗೋಡೆಗೊಂದು ತಿಂಗಳ ಹಾಳೆ: ಮಾಡುವುದು ಹೇಗೆ?

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬೀರುವಿನ ಪಕ್ಕ ಒಂದು ಮೊಳೆ ಇದೆ. ಮೊದಲು ಅದಕ್ಕೆ ಕ್ಯಾಲೆಂಡರ್ ತೂಗುತ್ತಿತ್ತು. ಮೂರು ವರ್ಷದಿಂದ ಒಂದು ಎ4 ಹಾಳೆ ತೂಗುತ್ತಿದೆ, ತಿಂಗಳಿಗೊಮ್ಮೆ ಬದಲಾಗುತ್ತದೆ. ಮೇಲಿನ ಅರ್ಧದಲ್ಲಿ ಕಚೇರಿ ಸುದ್ದಿ: ರಜೆ, ಸಂಬಳ, ವಿಮೆ, ಯಾವ ಕಾಗದ ಯಾವ ತಾರೀಕಿನೊಳಗೆ ಎಂಬುದು. ಅದರ ಕೆಳಗೆ ಆ ತಿಂಗಳಿಗೆ ಹೊಂದುವ ಆರೋಗ್ಯದ ಮಾತು. ತಳದಲ್ಲಿ ನಾಲ್ಕು ಬೆರಳಿನಷ್ಟು ಖಾಲಿ ಜಾಗ. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕ ನಾನು. ಪಕ್ಕದ ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಶಿಕ್ಷಕರು ‘ಅದು ಹ್ಯಾಂಗ ಮಾಡ್ತೀರಿ, ಸ್ವಲ್ಪ ಹೇಳ್ರಿ’ ಎಂದು ಕೇಳುತ್ತಲೇ ಇದ್ದಾರೆ. ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಬರೆಯಲು ಕುಳಿತೆ.

ವಾಟ್ಸ್‌ಆ್ಯಪ್ ಗುಂಪು ಇರುವಾಗ ಹಾಳೆ ಯಾಕೆ? ಗುಂಪು ಒಂದಲ್ಲ, ನನ್ನ ಫೋನಿನಲ್ಲಿ ಶಾಲೆಗೆ ಸಂಬಂಧಿಸಿದ್ದೇ ಆರು ಇವೆ. ರಾತ್ರಿ ಒಂಬತ್ತಕ್ಕೆ ‘ತುರ್ತು’ ಎಂಬ ತಲೆಬರಹದ ಪಿಡಿಎಫ್ ಬರುತ್ತದೆ. ಅದರ ಬೆನ್ನಿಗೆ ಯಾರದೋ ವಯೋನಿವೃತ್ತಿಯ ಶುಭಾಶಯ, ಇಪ್ಪತ್ತು ಹೂಗುಚ್ಛ, ಮುಂಜಾನೆಯ ಸುಭಾಷಿತ. ಮರುದಿನ ಪಿಡಿಎಫ್ ಎಲ್ಲಿ ಹೋಯಿತೆಂದು ಹುಡುಕಲು ಬೆರಳು ಸವೆಯಬೇಕು. ಗೋಡೆಯ ಹಾಳೆ ಅಲ್ಲೇ ಇರುತ್ತದೆ, ಚಹಾ ಕುಡಿಯುವಾಗ ಕಣ್ಣಿಗೆ ಬೀಳುತ್ತದೆ. ಬೇಕಾದರೆ ಅದರದೇ ಫೋಟೊ ತೆಗೆದು ಗುಂಪಿಗೆ ಹಾಕಿ, ಅಡ್ಡಿಯಿಲ್ಲ.

ಮೊದಲು ತಲೆ ಎಣಿಸಿ

ಹಾಳೆ ಯಾರಿಗೆ ಎಂಬುದನ್ನು ಮೊದಲು ಬರೆದುಕೊಳ್ಳಿ. ನಮ್ಮಲ್ಲಿ ಕಾಯಂ ಶಿಕ್ಷಕರು ಏಳು, ಅತಿಥಿ ಶಿಕ್ಷಕರು ಮೂರು, ಬಿಸಿಯೂಟದ ಅಡುಗೆಯವರು ನಾಲ್ವರು. ಮೊದಲ ವರ್ಷ ನಾನು ಬರೆದದ್ದೆಲ್ಲ ಆ ಏಳು ಮಂದಿಗೆ ಮಾತ್ರ. ಎಚ್‌ಆರ್‌ಎಂಎಸ್ (ಸಂಬಳದ ಆನ್‌ಲೈನ್ ವ್ಯವಸ್ಥೆ), ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಗಳಿಕೆ ರಜೆ ಎಂದೆಲ್ಲ ತುಂಬಿಸಿದ್ದೆ. ಉಳಿದ ಏಳು ಮಂದಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದು ನನಗೆ ಹೊಳೆದದ್ದೂ ಇಲ್ಲ, ಬೇರೆಯವರು ಹೇಳಬೇಕಾಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಸುದ್ದಿ ಕೂಡಿಸುವುದು

ತಿಂಗಳ 20ರಿಂದ 25ರೊಳಗೆ ಕೂಡಿಸಿ, ಒಂದನೇ ತಾರೀಕಿಗೆ ಅಂಟಿಸಿ. ಮೂಲ ಮೂರೇ ಇರಲಿ: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕಡತ ನೋಡುವ ಕೇಸ್ ವರ್ಕರ್, ಕ್ಲಸ್ಟರಿನ ಸಮಾಲೋಚನಾ ಸಭೆ, ಇಲಾಖೆಯ ಆದೇಶದ ಪ್ರತಿ. ‘ಹಾಂಗಂತ ಕೇಳೀನ್ರಿ’ ಎಂಬ ನಾಲ್ಕನೇ ಮೂಲ ಎಲ್ಲ ಕಡೆಯೂ ಇರುತ್ತದೆ. ಅದನ್ನು ಚಹಾಕ್ಕೆ ಬಿಡಿ, ಹಾಳೆಗೆ ತರಬೇಡಿ. ಆದೇಶದ ಸಂಖ್ಯೆ, ದಿನಾಂಕ ಸಿಗದಿದ್ದರೆ ಮುಂದಿನ ತಿಂಗಳ ತನಕ ಕಾಯಿರಿ.

ಬೇಸಿಗೆಯಲ್ಲಿ ಕಚೇರಿಗೆ ಹೋಗುವವರು ಒಂದು ನೆನಪಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯುತ್ತವೆ. ಈ ಒಂದು ಸಾಲನ್ನು ಪ್ರತಿ ಏಪ್ರಿಲ್ ಹಾಳೆಯ ನೆತ್ತಿಯ ಮೇಲೆ ಬರೆಯುತ್ತೇನೆ. ಎರಡು ಗಂಟೆಯ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಹೋಗಿ ಬೀಗ ನೋಡಿ ಬಂದವರ ಮುಖ ನಾನು ಕಂಡಿದ್ದೇನೆ.

ಆದೇಶವನ್ನು ನಾಲ್ಕು ಸಾಲಿಗೆ ಇಳಿಸುವುದು

ಇದೇ ಕಷ್ಟದ ಕೆಲಸ. ಸುತ್ತೋಲೆ ಹೇಗಿರುತ್ತದೆ ಗೊತ್ತಲ್ಲ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಆದೇಶದನ್ವಯ...’ ಎಂದು ಶುರುವಾಗಿ ಉಸಿರು ಬಿಡುವುದರೊಳಗೆ ಒಂದು ಪುಟ ಮುಗಿದಿರುತ್ತದೆ. ಅದರಿಂದ ನಾಲ್ಕು ಸಂಗತಿ ಮಾತ್ರ ಹೆಕ್ಕಿ: ಯಾರಿಗೆ, ಏನು, ಯಾವ ಕಾಗದ, ಯಾವಾಗಿನೊಳಗೆ.

ನಾನು ಬರೆದದ್ದೊಂದನ್ನು ಹಾಗೇ ಕೊಡುತ್ತೇನೆ:

‘ಆರೋಗ್ಯ ಸಂಜೀವಿನಿ. ಯಾರಿಗೆ: ಕಾಯಂ ನೌಕರರಿಗೆ. ಏನು: ನಗದು ಕಟ್ಟದೆ ಆಸ್ಪತ್ರೆ ಚಿಕಿತ್ಸೆ, 2025ರ ಅಕ್ಟೋಬರ್‌ನಿಂದ ಶುರುವಾಗಿದೆ. ನೀವು ಮಾಡಬೇಕಾದದ್ದು: ನಿಮ್ಮ ಕುಟುಂಬದವರ ಹೆಸರು ಸೇರಿದೆಯೇ, ಆಧಾರ್‌ನಲ್ಲಿ ಇದ್ದ ಹಾಗೇ ಇದೆಯೇ ನೋಡಿ. ಇಲ್ಲದಿದ್ದರೆ ಆಧಾರ್ ಪ್ರತಿ ತಂದು ಶನಿವಾರದೊಳಗೆ ನನಗೆ ಕೊಡಿ.’

ಇಷ್ಟೇ. ಹೆಸರಿನ ವಿಷಯ ಸಣ್ಣದೆನಿಸಬಹುದು. ನಮ್ಮ ಕಡೆ ಸೇವಾ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇರುವವರು ಕಡಿಮೆಯಿಲ್ಲ. ಶರಣಪ್ಪ ಎಂಬುದು ಶರಣಬಸಪ್ಪ ಆಗಿರುತ್ತದೆ, ಅಡ್ಡಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇರುವುದಿಲ್ಲ. ತಿದ್ದಿಸುವುದಿದ್ದರೆ ಆರಾಮ ಇರುವಾಗಲೇ ತಿದ್ದಿಸಬೇಕು. ತುರ್ತುಚಿಕಿತ್ಸಾ ಘಟಕದ ಮುಂದೆ ನಿಂತಾಗ ಆಗುವ ಕೆಲಸವಲ್ಲ.

ಪಿಂಚಣಿಯ ಸುದ್ದಿ ಬಂದಾಗ ‘ಯಾರಿಗೆ’ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಎನ್‌ಪಿಎಸ್ (ಸಂಬಳದಿಂದ ಪಾಲು ಕಟ್ಟುವ ಹೊಸ ಪಿಂಚಣಿ) ಬಂತು. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ಹಳೆಯ ಪಿಂಚಣಿ ಮತ್ತು ಜಿಪಿಎಫ್ (ಭವಿಷ್ಯ ನಿಧಿ), ಇನ್ನೊಬ್ಬರಿಗೆ ಎನ್‌ಪಿಎಸ್. ಅದನ್ನು ಬಿಡಿಸಿ ಬರೆಯದೆ ಹೋದರೆ ಆ ದಿನ ಪಾಠ ನಡೆಯುವುದಿಲ್ಲ, ಚರ್ಚೆ ನಡೆಯುತ್ತದೆ.

ಆರೋಗ್ಯದ ಮೂಲೆ

ಮೊದಲ ಏಪ್ರಿಲ್‌ನಲ್ಲಿ ನಾನು ಬರೆದದ್ದು: ‘ಬಿಸಿಲು ಹೆಚ್ಚಾಗಿದೆ. ಎಲ್ಲರೂ ಸಾಕಷ್ಟು ನೀರು ಕುಡಿಯಿರಿ.’ ಸುತ್ತ ಹೂವಿನ ಬಾರ್ಡರ್ ಬೇರೆ. ಮರುದಿನ ಸಣ್ಣ ಮಕ್ಕಳ ನಲಿ-ಕಲಿ ತರಗತಿಯ ಟೀಚರ್ ಹಾಳೆಯ ಮುಂದೆ ನಿಂತು ಓದಿದರು. ನನ್ನ ಕಡೆ ತಿರುಗಿ, ‘ನೀರ್ ಕುಡೀರಿ ಅಂತ ಬರ್ದೀರಿ ಸರ್, ಕುಡದ್ ಮ್ಯಾಲ ಎಲ್ಲಿಗಿ ಹೋಗಬೇಕ್ರಿ?’ ಎಂದರು.

ಶಾಲೆಯ ಶೌಚಾಲಯಕ್ಕೆ ಬೀಗ ಹಾಕಿತ್ತು, ಕೀಲಿ ನನ್ನ ಮೇಜಿನ ಖಾನೆಯಲ್ಲಿತ್ತು. ನಲ್ಲಿಯಲ್ಲಿ ನೀರಿರಲಿಲ್ಲ. ನಮ್ಮ ಟೀಚರಮ್ಮಂದಿರು ಬೆಳಿಗ್ಗೆ ಕಲಬುರಗಿಯಲ್ಲಿ ಬಸ್ ಹತ್ತಿದರೆ ಮತ್ತೆ ಮನೆ ಮುಟ್ಟುವ ತನಕ ತಡೆದುಕೊಳ್ಳುತ್ತಿದ್ದರು. ತಡೆದುಕೊಳ್ಳುವುದಕ್ಕಾಗಿಯೇ ನೀರು ಕುಡಿಯುತ್ತಿರಲಿಲ್ಲ. ಮೂತ್ರದ ಸೋಂಕು ಬರಲು ಇದಕ್ಕಿಂತ ಬೇರೆ ದಾರಿ ಬೇಕಾಗಿಲ್ಲ. ಅವತ್ತು ಮಧ್ಯಾಹ್ನವೇ ಕೀಲಿಯ ಇನ್ನೊಂದು ಪ್ರತಿ ಮಾಡಿಸಿ ಸ್ಟಾಫ್ ರೂಮಿನ ಅದೇ ಮೊಳೆಗೆ ತೂಗುಹಾಕಿದೆ. ಒಂದು ಡ್ರಮ್ಮು, ಮುಚ್ಚಳ, ಮಗ್ಗು ಶಾಲಾ ಅನುದಾನದಲ್ಲಿ ಬಂತು. ಅಲ್ಲಿಂದ ಮುಂದೆ ಆರೋಗ್ಯದ ಮೂಲೆಯಲ್ಲಿ ಎರಡು ಸಾಲು ಕಡ್ಡಾಯ ಮಾಡಿಕೊಂಡೆ: ನೀವು ಮಾಡಬೇಕಾದದ್ದು ಒಂದು, ಶಾಲೆ ಮಾಡಿಕೊಡುವುದು ಒಂದು. ಎರಡನೆಯ ಸಾಲು ಬರೆಯಲು ಏನೂ ಇಲ್ಲದ ತಿಂಗಳು ಮೊದಲನೆಯದನ್ನೂ ಬರೆಯುವುದಿಲ್ಲ.

ವಿಷಯವನ್ನು ನಮ್ಮ ಹವೆ, ನಮ್ಮ ಶಾಲಾ ವರ್ಷ ನೋಡಿ ಆರಿಸಿ.

ಮಾರ್ಚ್ ಕಡೆಯಿಂದಲೇ ಬಿಸಿಲಿನ ಮಾತು ಶುರುವಾಗಲಿ. ಇಲ್ಲಿ 42-43 ಡಿಗ್ರಿ ಅಪರೂಪವಲ್ಲ. ಮೂತ್ರ ಕಡುಹಳದಿ ಆದರೆ ನೀರು ಸಾಲದೆಂದು ತಿಳಿಯಬೇಕು. ಮಜ್ಜಿಗೆ, ಜೋಳದ ಅಂಬಲಿ ಇದ್ದರೆ ಚಲೋ. ಓಆರ್‌ಎಸ್ ಪುಡಿ ಇಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಚಹಾದ್ದು, ಅಡುಗೆಯ ಸೌಟಲ್ಲ. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಅಳತೆಯನ್ನು ಅಂಕಿಯಲ್ಲೇ ಬರೆಯಿರಿ. ಮೈ ಕಾದು, ಮಾತು ತೊದಲಿ, ದಿಕ್ಕು ತಪ್ಪಿದವರ ಹಾಗೆ ಆಡಿದರೆ ಅದು ಉಷ್ಣಾಘಾತ: ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಶಾಲೆಯ ಸಾಲು: ಸ್ಟಾಫ್ ರೂಮಿನಲ್ಲಿ ಎರಡು ಮಣ್ಣಿನ ಹರವಿ, ಓಆರ್‌ಎಸ್ ಹತ್ತು ಪಾಕೀಟು.

ಜೂನ್ ಎಂದರೆ ಗಂಟಲು. ಎರಡು ತಿಂಗಳು ಸುಮ್ಮನಿದ್ದ ದನಿಯನ್ನು ಒಮ್ಮೆಲೇ ಎತ್ತರಿಸುತ್ತೇವೆ, ಎರಡನೇ ವಾರಕ್ಕೆ ಸ್ಟಾಫ್ ರೂಮ್ ತುಂಬ ಗೊಗ್ಗರು ದನಿ. ಮಕ್ಕಳನ್ನು ಸುಮ್ಮನಾಗಿಸಲು ಕೂಗುವ ಬದಲು ಚಪ್ಪಾಳೆ ಅಥವಾ ಗಂಟೆ ರೂಢಿ ಮಾಡಿ. ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳಬೇಡಿ, ದನಿ ಗೋಡೆಗೆ ಹೋಗುತ್ತದೆ. ಗಂಟಲು ಕಟ್ಟಿದಾಗ ಪಿಸುಗುಟ್ಟುವುದೂ ಒಳ್ಳೆಯದಲ್ಲ, ಸುಮ್ಮನಿರುವುದೇ ಮದ್ದು. ಮೂರು ವಾರ ದಾಟಿದರೂ ದನಿ ಸರಿಯಾಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು. ಶಾಲೆಯ ಸಾಲು ಇಲ್ಲಿ ಟೈಮ್‌ಟೇಬಲ್: ಒಬ್ಬರಿಗೆ ಸತತ ಮೂರು ಪೀರಿಯಡ್ ಮಾತಿನ ಪಾಠ ಬೀಳದ ಹಾಗೆ ನಡುವೆ ಒಂದು ಬರಹದ ಪೀರಿಯಡ್.

ಮಳೆಗಾಲದ ಡೆಂಗಿ, ವಾಂತಿಭೇದಿ ಎಲ್ಲರಿಗೂ ಗೊತ್ತು. ಟ್ಯಾಂಕ್ ತೊಳೆದ ತಾರೀಕನ್ನು ಹಾಳೆಯಲ್ಲಿ ಬರೆದರೆ ಸಾಕು.

ನವೆಂಬರ್‌ನಲ್ಲಿ ಬಿಪಿ, ಸಕ್ಕರೆ. ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಒಂದು ಶನಿವಾರ ಶಾಲೆಗೇ ಕರೆಸಿ. ಬಿಪಿ ನೋಡುವ ಅರ್ಧ ಗಂಟೆ ಮೊದಲು ಚಹಾ ಬೇಡ, ಐದು ನಿಮಿಷ ಸುಮ್ಮನೆ ಕೂತಿರಬೇಕು. ಬಸ್ಸಿನಿಂದ ಇಳಿದು ಓಡಿ ಬಂದವರ ತೋಳಿಗೆ ಪಟ್ಟಿ ಕಟ್ಟಿದರೆ ಬರುವುದು ಬಸ್ಸಿನ ಬಿಪಿ. 140/90 ಮತ್ತೆ ಮತ್ತೆ ಬಂದರೆ ವೈದ್ಯರ ಹತ್ತಿರ ಹೋಗಬೇಕು. ಖಾಲಿಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಎಚ್ಚರಿಕೆ, 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮರುಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣಬೇಕು. ಎಳ್ಳ ಅಮಾಸಿಗೆ ಮೊದಲೇ ಇದನ್ನು ಮುಗಿಸಿ. ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬಿಚ್ಚಿಟ್ಟ ಮೇಲೆ ಯಾರೂ ಹಾಳೆಯ ಮಾತು ಕೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಇನ್ನು ಪರೀಕ್ಷೆಯ ಕಾಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಆಮೇಲೆ ಪ್ರೌಢಶಾಲೆಯ ಗೆಳೆಯರು ಸಭೆಯಿಂದ ಸಭೆಗೆ ತಲೆ ತಗ್ಗಿಸಿ ಹೋದದ್ದನ್ನು ನೋಡಿದ್ದೇನೆ. ಒಬ್ಬರಂತೂ ರಾತ್ರಿ ಮೂರಕ್ಕೆ ಎದ್ದು ಕೂರುತ್ತಿದ್ದರಂತೆ. ಅಂಥವರಿಗೆ ‘ಒತ್ತಡ ಬಿಡಿ, ಧ್ಯಾನ ಮಾಡಿ’ ಎಂದು ಬರೆದರೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಫೆಬ್ರುವರಿಯ ಹಾಳೆಯಲ್ಲಿ ನಾನು ಬರೆಯುವುದು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು. ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಶಾಲೆಯ ಸಾಲು: ರಾತ್ರಿ ಎಂಟರ ನಂತರ ಮುಖ್ಯಶಿಕ್ಷಕನಾದ ನಾನು ಗುಂಪಿಗೆ ಏನೂ ಹಾಕುವುದಿಲ್ಲ. ಇದನ್ನು ಬರೆದು ಕೆಳಗೆ ಸಹಿ ಮಾಡಿದ್ದೇನೆ. ಎರಡು ಸಲ ತಪ್ಪಿದ್ದೇನೆ, ಎರಡೂ ಸಲ ಹಾಳೆಯ ಫೋಟೊ ತೆಗೆದು ನನಗೇ ಕಳಿಸಿದರು.

ತೋರಿಸದೆ ಅಂಟಿಸಬೇಡಿ

ಎರಡನೇ ವರ್ಷ ಒಂದು ದೊಡ್ಡ ತಪ್ಪು ಮಾಡಿದೆ. ಫೋನಿಗೆ ಬಂದ ‘ಬೆಳ್ಳುಳ್ಳಿಯಿಂದ ಬಿಪಿ ಮಾಯ’ ಎಂಬುದನ್ನು ಜಾಗ ತುಂಬಲೆಂದು ಹಾಳೆಗೆ ಇಳಿಸಿದೆ. ನಮ್ಮ ಹಿಂದಿ ಮೇಷ್ಟ್ರು ನಂಬಿ ಮಾತ್ರೆ ಬಿಟ್ಟರು. ಇಪ್ಪತ್ತು ದಿನಕ್ಕೆ ಪ್ರಾರ್ಥನೆಯ ಹೊತ್ತಿನಲ್ಲಿ ತಲೆ ಸುತ್ತಿ ಧ್ವಜಕಟ್ಟೆ ಹಿಡಿದು ಕೂತರು. ದೇವರ ದಯೆ, ಹೆಚ್ಚಿನದು ಆಗಲಿಲ್ಲ. ‘ನೀವೇ ಬರ್ದೀರಿ ಅಂತ ನಂಬಿದ್ದೆನ್ರಿ’ ಎಂದರು, ಸಿಟ್ಟಿಲ್ಲದೆ. ಅಂದಿನಿಂದ ಆರೋಗ್ಯದ ಮೂಲೆ ಆರೋಗ್ಯ ಕೇಂದ್ರದ ವೈದ್ಯರೋ ಸಮುದಾಯ ಆರೋಗ್ಯಾಧಿಕಾರಿಯೋ ಕಣ್ಣಾಡಿಸದೆ ಗೋಡೆ ಹತ್ತುವುದಿಲ್ಲ. ಅವರಿಗೆ ಹಿಡಿಯುವುದು ಎರಡು ನಿಮಿಷ. ಯಾರ ಕಾಯಿಲೆಯ ಹೆಸರೂ, ಯಾರ ಬಿಪಿಯ ಅಂಕಿಯೂ ಹಾಳೆಗೆ ಬರಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಕೆಳಗಿನ ಖಾಲಿ ಜಾಗ

ಅಕ್ಷರ ದೊಡ್ಡದಿರಲಿ, ಎರಡು ಹೆಜ್ಜೆ ದೂರದಿಂದ ಓದಲು ಬರಬೇಕು. ತುಂಬಿದೆ ಎನಿಸಿದರೆ ಸುದ್ದಿ ಕಡಿಮೆ ಮಾಡಿ, ಅಕ್ಷರ ಕುಗ್ಗಿಸಬೇಡಿ. ತಳದ ಖಾಲಿ ಜಾಗ ಮಾತ್ರ ಯಾವ ಕಾರಣಕ್ಕೂ ತುಂಬಬೇಡಿ. ಅಲ್ಲಿ ‘ಕೇಳಿ’ ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ. ದಾರದಿಂದ ಕಟ್ಟಿದರೆ ವಾರದೊಳಗೆ ಹೋಗುತ್ತದೆ, ತಂತಿಯಿಂದ ಕಟ್ಟಿ.

ಅಡುಗೆಯವರ ಮಾತು ಬಂದದ್ದು ಆ ಜಾಗದಿಂದಲೇ. ಒಂದು ದಿನ ಐದನೇ ಕ್ಲಾಸಿನ ಹುಡುಗಿಯ ಕೈಬರಹದಲ್ಲಿ, ‘ನಮ್ಮದು ಯಾಕ ಬರಿಯಲ್ಲ’ ಎಂದಿತ್ತು. ಅಡುಗೆಯವರಲ್ಲಿ ಹಿರಿಯ ಅಕ್ಕ ಹೇಳಿ ಬರೆಸಿದ್ದರು. ಮುಂದಿನ ಹಾಳೆಯಿಂದ ಕಾಲು ಭಾಗ ಅವರದ್ದು. ಕೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು, ಪೇಸ್ಟು-ಶಾಯಿ ಹಚ್ಚಬೇಡಿ ಎಂಬುದು ಒಂದು. ದೊಡ್ಡ ಪಾತ್ರೆ ಇಳಿಸುವಾಗ ಇಬ್ಬರು ಎಂಬುದು ಇನ್ನೊಂದು. ಮೇ ತಿಂಗಳಲ್ಲಿ ವಿಮೆ: ಬ್ಯಾಂಕ್ ಖಾತೆಯ ಮೂಲಕ ಮಾಡಿಸುವ ಸುರಕ್ಷಾ ಬಿಮಾಕ್ಕೆ (ಅಪಘಾತ ವಿಮೆ) ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿಗೆ (ಜೀವ ವಿಮೆ) 436. ಎರಡೂ ಜೂನ್ 1ರಿಂದ ಮೇ 31ರ ಲೆಕ್ಕ, ಒಂದೊಂದಕ್ಕೆ ಎರಡು ಲಕ್ಷದ ರಕ್ಷಣೆ. ಜೀವನ ಜ್ಯೋತಿಗೆ ಹೊಸದಾಗಿ ಸೇರಲು 50 ವರ್ಷ ದಾಟಿರಬಾರದು, ಸುರಕ್ಷಾ 70ರ ತನಕ. ಬರೆಸಿಕೊಂಡವರ ಖಾತೆಯಿಂದ ಮೇ ಕೊನೆಯ ಹೊತ್ತಿಗೆ ತಾನೇ ಕಡಿತವಾಗುತ್ತದೆ, ಆಗ ಖಾತೆಯಲ್ಲಿ ದುಡ್ಡಿರಬೇಕು. ಓದಲು ಬರದವರಿಗೆ ಒಂದನೇ ತಾರೀಕು ಊಟದ ನಂತರ ಯಾರಾದರೂ ಓದಿ ಹೇಳಬೇಕು. ನಮ್ಮಲ್ಲಿ ಆ ಐದನೇ ಕ್ಲಾಸಿನ ಹುಡುಗಿಯೇ ಓದುತ್ತಾಳೆ, ನನಗಿಂತ ಸ್ಪಷ್ಟವಾಗಿ.

ಈ ತಿಂಗಳ ಖಾಲಿ ಜಾಗದಲ್ಲಿ ಮೂರು ಪ್ರಶ್ನೆ ಇವೆ. ಎರಡಕ್ಕೆ ಉತ್ತರ ಸಿಕ್ಕಿದೆ. ಮೂರನೆಯದು ಅತಿಥಿ ಶಿಕ್ಷಕಿಯದ್ದು: ‘ನನಗೆ ಏಳನೇ ತಿಂಗಳು. ರಜೆ ತಗೊಂಡ್ರ ಮತ್ತ ಕರೀತೀರಾ ಸರ್?’ ಬುಧವಾರ ಬಿಇಒ ಕಚೇರಿಗೆ ಹೋಗುವವನಿದ್ದೇನೆ, ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು.