ಹಿಮಾಲಯನ್ ಎತ್ತಲ್ಲ ಅಂದವರಿಗೆ: ಐದು ಗಾಡಿಗಳಲ್ಲಿ ವೀಲಿಂಗ್, ನನ್ನ ಅನುಭವ

ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕು ಮುಂದಿನ ಚಕ್ರ ಎತ್ತಿಕೊಂಡು ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತೆ ಅಂದರೆ ನಮ್ಮ ಹುಡುಗರು ಯಾರೂ ನಂಬಿರಲಿಲ್ಲ. ಇನ್ನೂರು ಕೆಜಿ ಹತ್ತಿರದ ಗಾಡಿ, 24 ಚಿಲ್ಲರೆ ಬಿಎಚ್‌ಪಿ, ಉದ್ದನೆ ಶಾಕ್ ಅಬ್ಸಾರ್ಬರ್. "ಅದು ಎತ್ತಲ್ಲ ಮಗಾ, ಸುಮ್ನೆ ಕ್ಲಚ್ ಸುಡ್ತೀಯ" ಅಂತಲೇ ಎಲ್ಲರೂ ಹೇಳಿದ್ದು. ಈಗ ಎತ್ತಿದೆ. ಅದೇ ದಾರಿಯಲ್ಲಿ ಆರ್‌ಎಕ್ಸ್ 100, ಪಲ್ಸರ್ 180, ಎಕ್ಸ್‌ಪಲ್ಸ್ 200, ಡ್ಯೂಕ್ 390 ಕೂಡ ಆಗಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓಡಿಸುವುದು ಮಾಲೂರು ಕಡೆ ನಿಂತುಹೋದ ಒಂದು ಇಟ್ಟಿಗೆ ಫ್ಯಾಕ್ಟರಿಯ ಅಂಗಳದಲ್ಲಿ, ಮಾಲೀಕರ ಒಪ್ಪಿಗೆ ತಗೊಂಡು, ಗೇಟ್ ಹಾಕಿಕೊಂಡು, ಬೂಟು, ಮಂಡಿ ಗಾರ್ಡ್, ಫುಲ್ ಹೆಲ್ಮೆಟ್ ಹಾಕಿಕೊಂಡು. ರಸ್ತೆಯಲ್ಲಿ ಮಾಡುವವರಿಗೆ ನಾನು ಒಂದು ಮಾತೂ ಹೇಳಿಕೊಡಲ್ಲ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 281, ಮೋಟಾರು ವಾಹನ ಕಾಯ್ದೆಯ 184 ಎರಡೂ ಬೀಳುತ್ತವೆ, ಗಾಡಿ ಸ್ಟೇಷನ್ ಮುಂದೆ ತುಕ್ಕು ಹಿಡಿಯುತ್ತೆ. ಅದಕ್ಕಿಂತ ಹೆಚ್ಚಾಗಿ, ಎದುರಿಗೆ ಬರುವವರು ಏನು ತಪ್ಪು ಮಾಡಿರ್ತಾರೆ?

ಈಗ ವಿಷಯಕ್ಕೆ. ಎಲ್ಲ ಕಡೆ ಮೊದಲು ಎತ್ತುವುದನ್ನ ಹೇಳಿಕೊಡುತ್ತಾರೆ. ಕ್ಲಚ್ ಬಿಡು, ಗ್ಯಾಸ್ (ಆಕ್ಸಿಲರೇಟರ್) ಕೊಡು, ಹಿಂದಕ್ಕೆ ವಾಲು. ನಾನು ಇಳಿಸುವುದರಿಂದ ಶುರು ಮಾಡಿದೆ. ಎಕ್ಸ್‌ಪಲ್ಸ್, ಮೊದಲನೇ ಗೇರ್, ನಡೆದುಕೊಂಡು ಹೋಗುವಷ್ಟು ಸ್ಪೀಡ್. ಚಕ್ರ ಒಂದು ಮೊಳ ಎದ್ದ ತಕ್ಷಣ ಹಿಂದಿನ ಬ್ರೇಕ್. ಮತ್ತೆ ಎತ್ತು, ಮತ್ತೆ ಬ್ರೇಕ್. ಒಂದು ತಿಂಗಳಿಗೂ ಜಾಸ್ತಿ ಬರೀ ಇದೇ. ನೋಡುವವರಿಗೆ ಬೇಜಾರಾಗಿ ಎದ್ದು ಹೋಗುತ್ತಿದ್ದರು. ಪೆಡಲ್ಲನ್ನ ಸ್ವಲ್ಪ ಕೆಳಗಿಳಿಸಿಕೊಂಡಿದ್ದೆ, ಪಾದದ ನಡುಭಾಗ ಫುಟ್‌ರೆಸ್ಟ್ ಮೇಲೆ, ಹೆಬ್ಬೆರಳಿನ ಬುಡ ಪೆಡಲ್ ಮೇಲೆ. ಬೂಟಿನ ತಳ ದಪ್ಪ ಇದ್ದರೆ ಒತ್ತಿದ್ದೇ ಗೊತ್ತಾಗಲ್ಲ, ತೆಳು ತಳದ್ದು ತಗೊಳ್ಳಿ. ಎಷ್ಟು ಒತ್ತಿದರೆ ಗಾಡಿಯ ಮೂಗು ಒಂದು ಗೇಣು ಇಳಿಯುತ್ತೆ, ಎಷ್ಟಕ್ಕೆ ದಬಕ್ಕಂತ ಬೀಳುತ್ತೆ ಅಂತ ಕಾಲಿಗೇ ಗೊತ್ತಾಗಬೇಕು, ಯೋಚನೆ ಮಾಡೋಕೆ ಅಲ್ಲಿ ಟೈಮ್ ಇರಲ್ಲ. ಅದು ಬಂದ ಮೇಲೆ ಮೇಲಕ್ಕೆ ಹೋಗುವ ಭಯ ತಾನಾಗೇ ಹೋಯಿತು.

ಗಾಡಿ ಹಿಂದಕ್ಕೆ ಮಗುಚದ ಹಾಗೆ ತಡೆಯೋಕೆ ಹಿಂಭಾಗಕ್ಕೆ ಬಾರ್ ಹಾಕಿಸಿದ್ದೆ. ವೆಲ್ಡಿಂಗ್ ಅಂಗಡಿಯಲ್ಲಿ ಸುಮಾರು ಎರಡು ಸಾವಿರ ಆಯಿತು. ಮೊದಲನೆಯದು ತೆಳು ಪೈಪು, ಬಾಗಿಹೋಯಿತು. ಎರಡನೆಯದು ಗಟ್ಟಿ, ಆದರೆ ಸಬ್‌ಫ್ರೇಮ್ (ಸೀಟಿನ ಕೆಳಗಿನ ಚೌಕಟ್ಟು) ಬೋಲ್ಟ್ ಒಂದಕ್ಕೇ ಭಾರ ಬಿದ್ದು ಅದೂ ಹೋಯಿತು. ನಾಲ್ಕು ಕಡೆ ಹಿಡಿಸಿದ ಮೇಲೆ ನಿಂತಿದೆ.

ಇನ್ನು ಗಾಡಿಗಳು. ಆರ್‌ಎಕ್ಸ್ ಹಗುರ, ನೂರು ಕೆಜಿ ಆಸುಪಾಸು, ಎತ್ತುವುದು ಸುಲಭ ಅಂತ ಎಲ್ಲರೂ ಅದರಲ್ಲೇ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಮೊದಲ ಗಾಡಿ ಅಲ್ಲವೇ ಅಲ್ಲ. ಟೂ ಸ್ಟ್ರೋಕ್, ಎಂಜಿನ್ ನಿಧಾನ ತಿರುಗುವಾಗ ಪವರ್ ಏನೂ ಇಲ್ಲ, ಆಮೇಲೆ ಒಂದೇ ಸಲ ಎಲ್ಲ ಬರುತ್ತೆ. ಗ್ಯಾಸ್ ಬಿಟ್ಟರೆ ಫೋರ್ ಸ್ಟ್ರೋಕ್ ಥರ ಎಂಜಿನ್ ಹಿಡಿದು ಮೂಗು ಇಳಿಸಲ್ಲ. ಬ್ರೇಕೇ ಗತಿ, ಅದೂ ಡ್ರಮ್ಮು. ಶೂ ಹೊಸದಾಗಿ, ಬ್ರೇಕ್ ರಾಡಿನ ನಟ್ಟು ಸರಿಯಾಗಿ ಟೈಟಾಗಿ ಇದ್ದರೆ ಆ ಡ್ರಮ್ಮು ತುಂಬಾ ನಯವಾಗಿ ಹಿಡಿಯುತ್ತೆ, ಡಿಸ್ಕಿಗಿಂತ ನನಗೆ ಅದೇ ಇಷ್ಟ. ಆರ್‌ಎಕ್ಸಿನ ಇನ್ನೊಂದು ಸುಖ, ಎಷ್ಟು ಹೊತ್ತು ಎತ್ತಿಕೊಂಡಿದ್ದರೂ ಆಯಿಲ್ ಚಿಂತೆ ಇಲ್ಲ, ಪೆಟ್ರೋಲ್ ಜೊತೆಗೇ ಹೋಗುತ್ತೆ.

ಪಲ್ಸರಿನಲ್ಲಿ ದುಡ್ಡು ಹೋಗಿದ್ದು ಈ ಆಯಿಲ್ ವಿಷಯಕ್ಕೇ. ಮೂಗು ಮೇಲಿಟ್ಟು ಜಾಸ್ತಿ ಹೊತ್ತು ಓಡಿಸಿದರೆ ಆಯಿಲ್ ಎಲ್ಲ ಹಿಂದಕ್ಕೆ ಹೋಗಿ ಎಂಜಿನ್ನಿನ ಮೇಲ್ಭಾಗಕ್ಕೆ (ಹೆಡ್ಡಿಗೆ) ಸಿಗಲ್ಲ. ಟಕ ಟಕ ಅಂತ ಶುರುವಾಯಿತು, ಬಿಚ್ಚಿಸಿದರೆ ವಾಲ್ವ್ ತೆರೆಯುವ ಕ್ಯಾಮ್, ರಾಕರ್ ಎರಡೂ ಸವೆದಿದ್ದವು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಾಮಾನು, ಮೆಕ್ಯಾನಿಕ್ ಕೂಲಿ ಸೇರಿ ನಾಲ್ಕು ಸಾವಿರದ ಮೇಲೆ. ಈಗ ಆಯಿಲ್ ಒಂದು ಚೂರು ಜಾಸ್ತಿ ಇಡುತ್ತೇನೆ, ಎಷ್ಟು ಅಂತ ಹೇಳಲ್ಲ, ಗಾಡಿಯಿಂದ ಗಾಡಿಗೆ ಬೇರೆ. ಪ್ರತಿ ಓಟದ ನಡುವೆ ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸುತ್ತೇನೆ.

ಡ್ಯೂಕ್ 390 ತಾನಾಗೇ ಎದ್ದುಬಿಡುತ್ತೆ. 43 ಬಿಎಚ್‌ಪಿ, ಮೊದಲನೇ ಗೇರಲ್ಲಿ ಕ್ಲಚ್ ಬೇಕಾಗೇ ಇಲ್ಲ. ಆದರೆ ಅದರಲ್ಲಿ ಸಿಡುಕು ಜಾಸ್ತಿ, ಎರಡನೇದರಲ್ಲಿ ಕ್ಲಚ್ ಹಿಡಿದು ಬಿಟ್ಟರೆ ಮೆತ್ತಗೆ ಬರುತ್ತೆ. ಮುಖ್ಯವಾದದ್ದು ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ. ಮೇಲೆ ಎದ್ದ ಮುಂದಿನ ಚಕ್ರ ನಿಧಾನ ಆಗುತ್ತಾ ಹೋಗುತ್ತೆ, ಹಿಂದಿನದು ತಿರುಗುತ್ತಲೇ ಇರುತ್ತೆ, ಎಬಿಎಸ್ಸಿಗೆ ಲೆಕ್ಕ ತಪ್ಪುತ್ತೆ, ಬೇಕಾದ ಹೊತ್ತಿಗೆ ಪೆಡಲ್ ಬಡಬಡ ಅನ್ನುತ್ತೆ. ಸೂಪರ್‌ಮೋಟೊ ಮೋಡಿಗೆ ಹಾಕಿದರೆ ಹಿಂದಿನ ಎಬಿಎಸ್ ಆಫ್ ಆಗುತ್ತೆ. ಹತ್ತುವ ಮೊದಲು ಪ್ರತಿ ಸಲ ಮೀಟರ್ ನೋಡಿ. ಎಕ್ಸ್‌ಪಲ್ಸಿನಲ್ಲಿ ಎಬಿಎಸ್ ಇರುವುದು ಮುಂದಕ್ಕೆ ಮಾತ್ರ, ನಾನು ಅದರಲ್ಲೇ ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ.

ನಡುವೆ ಟೈರಿನ ಗಾಳಿ ಇಳಿಸಿ ನೋಡಿದೆ. ಡ್ಯೂಕಿಗೆ 18-20 ಪಿಎಸ್‌ಐಗೆ ಇಳಿಸಿದರೆ ಹಿಂದಿನ ಚಕ್ರ ಅಗಲವಾಗಿ ಕೂರುತ್ತೆ, ಅಕ್ಕಪಕ್ಕ ಓಲಾಡುವುದು ಕಮ್ಮಿ. ಅದನ್ನೇ ಆರ್‌ಎಕ್ಸಿಗೆ ಮಾಡಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಬುಡದಲ್ಲೇ ಕಿತ್ತುಬಂತು. ಟ್ಯೂಬ್ ಇರುವ ಗಾಡಿಗೆ ಈ ಆಟ ಬೇಡ. ಸ್ನೇಹಿತನ ಡಿಯೋ ಕೂಡ ಎತ್ತಿ ನೋಡಿದೆ, ಎದ್ದು ನಿಂತು ಹ್ಯಾಂಡಲ್ ಜಗ್ಗಿದರೆ ಬರುತ್ತೆ. ಆದರೆ ಹಿಂದಿನ ಬ್ರೇಕ್ ಎಡಗೈಯಲ್ಲಿ, ನನ್ನ ಕಾಲಿನ ಕಲಿಕೆಯೆಲ್ಲ ಅಲ್ಲಿ ದಂಡ. ಬಿಟ್ಟೆ.

ಹಿಮಾಲಯನ್‌ಗೆ ಬರೋಣ. ಬರೀ ಕ್ಲಚ್ಚಿನಿಂದ ಎತ್ತಲು ಹೋಗಿ ಒಂದು ಸೆಟ್ ಪ್ಲೇಟ್ ಪೂರ್ತಿ ಕರಕಲಾಯಿತು, ಮೂರು ಸಾವಿರ ಚಿಲ್ಲರೆ. ಚೈನ್ ಕೂರುವ ಮುಂದಿನ ಹಲ್ಲಿನ ಚಕ್ರ (ಸ್ಪ್ರಾಕೆಟ್) ಒಂದು ಹಲ್ಲು ಕಮ್ಮಿಯದು ಹಾಕಿಸಿದೆ, ಹಿಂದೆ ಎರಡು ಮೂರು ಹಲ್ಲು ಜಾಸ್ತಿ ಮಾಡಿದ್ದಕ್ಕೆ ಸಮ, ಖರ್ಚೂ ಕಮ್ಮಿ. ಆದರೂ ಮುಂದಿನ ಚಕ್ರ ಗೇಣು ಎದ್ದು ಕೂರುತ್ತಿತ್ತು. ಕೊನೆಗೆ ಕೆಲಸ ಮಾಡಿದ್ದು ಎಲ್ಲರೂ ಬೈದ ಆ ಮುಂದಿನ ಉದ್ದನೆ ಶಾಕೇ. 200 ಎಂಎಂ ಇಳಿಯುತ್ತೆ ಅದು. ಗ್ಯಾಸ್ ಬಿಟ್ಟು ಮೂಗು ಪೂರ್ತಿ ಕೂರಿಸಿ, ಅದು ವಾಪಸ್ ಏಳುವ ಆ ಒಂದು ಗಳಿಗೆಯಲ್ಲಿ ಕ್ಲಚ್ ಬಿಟ್ಟರೆ ಇನ್ನೂರು ಕೆಜಿಯೂ ಎದ್ದು ಬರುತ್ತೆ. ಅರ್ಧ ಸೆಕೆಂಡ್ ಆಚೀಚೆ ಆದರೆ ಇಲ್ಲ. ಹಿಂದಿನ ಶಾಕಿನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಎಷ್ಟಕ್ಕೆ ಇಟ್ಟಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಹಿಂದಿನ ಎಬಿಎಸ್ ಆಫ್ ಮಾಡೋಕೆ ಬಟನ್ ಇದೆ, ಮರೀಬೇಡಿ.

ಇಳಿಸುವಾಗ ಗ್ಯಾಸ್ ಪೂರ್ತಿ ಬಿಡಬೇಡಿ, ಚಕ್ರ ನೆಲ ಮುಟ್ಟುವವರೆಗೆ ಒಂದು ಎಳೆ ಇರಲಿ. ಇಲ್ಲದಿದ್ದರೆ ಮುಂದಿನ ಶಾಕಿನ ಆಯಿಲ್ ತಡೆಯುವ ಫೋರ್ಕ್ ಸೀಲ್ ಹೋಗುತ್ತೆ, ಎರಡೂ ಕಡೆಗೆ ಆಯಿಲ್ ಸೇರಿ ಸಾವಿರದ ಇನ್ನೂರು, ಮುನ್ನೂರು. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಬೇರೆ. ಬಾರು, ಪ್ಲೇಟು, ಸೀಲು, ಕ್ಯಾಮು ಎಲ್ಲ ಸೇರಿ ಇಲ್ಲಿವರೆಗೆ ನಲವತ್ತು ಸಾವಿರದ ಹತ್ತಿರ ಹೋಗಿರಬೇಕು. ಹಿಮಾಲಯನ್‌ನ ಕೋನ್ ಸೆಟ್ ಈಗ ಮತ್ತೆ ಸದ್ದು ಮಾಡುತ್ತಿದೆ. ಅದನ್ನ ಬದಲಾಯಿಸಿಕೊಂಡು ಎರಡನೇ ಗೇರಲ್ಲಿ ನೋಡಬೇಕು, ಅದೂ ಆಗಲ್ಲ ಅಂತ ಈಗಾಗಲೇ ಇಬ್ಬರು ಹೇಳಿದ್ದಾರೆ.